ನಿದ್ದೆಗೆ ವೀಸಾ ಸಿಗಲಿಲ್ಲ

‘ರಾತ್ರಿ ಬಸ್ಸಿಗೆ ಹೋದರೆ ಲಾಡ್ಜಿನ ದುಡ್ಡು ಉಳಿಯುತ್ತೆ’ ಎಂದು ಮೊದಲು ಹೇಳಿದವನು ರಾತ್ರಿ ಹೊತ್ತು ಮನೆಯಲ್ಲೇ ಮಲಗುವ ಪೈಕಿ ಇರಬೇಕು. ಸಕ್ರೆಬೈಲಿನವರಾದ ನಮಗೆ ಶಿವಮೊಗ್ಗದಲ್ಲಿ ರಾತ್ರಿ ಬಸ್ ಹತ್ತಿ ಬೆಂಗಳೂರಲ್ಲಿ ಕಣ್ಣುಬಿಡುವುದು ಹೊಸದಲ್ಲ. ಕಡೂರು, ಅರಸೀಕೆರೆ, ತಿಪಟೂರು, ಯಾವ ಊರಲ್ಲೂ ಯಾರೂ ಎಬ್ಬಿಸಿ ‘ನೀವ್ಯಾರು’ ಎಂದು ಕೇಳುವುದಿಲ್ಲ. ಅದೇ ಧೈರ್ಯದ ಮೇಲೆ, ಕಾಶಿಗೆ ಹೋಗಿದ್ದ ನಮ್ಮ ತಂಡ ಪಶುಪತಿನಾಥನನ್ನೂ ನೋಡಿಬಿಡೋಣವೆಂದು ಸಂಜೆ ಬಸ್ ಹತ್ತಿತು.

ಹಾಳಾದ ನಿದ್ದೆ ಹತ್ತಿದ್ದು ಗೋರಖಪುರ ದಾಟಿದ ಮೇಲೆ. ಅಷ್ಟರಲ್ಲಿ ಸುನೌಲಿ ಗಡಿ ಬಂತು. 1950ರ ಒಪ್ಪಂದದ ಪುಣ್ಯ, ನೇಪಾಳಕ್ಕೆ ಹೋಗಲು ನಮಗೆ ವೀಸಾ ಬೇಡ. ಆದರೆ ನಾವು ಕೂತ ಬಸ್ಸಿಗೆ ಆ ಸವಲತ್ತಿಲ್ಲ. ಅದಕ್ಕೆ ದಿನಕ್ಕಿಷ್ಟೆಂದು ಸುಂಕ ಕಟ್ಟಿ ಚೀಟಿ ಮಾಡಿಸಬೇಕು. ಚೀಟಿ ಬರುವತನಕ ಏಸಿ ಬಂದ್. ತರಾಯಿಯ ಸೊಳ್ಳೆಗಳಿಗೆ ಮಾತ್ರ ಎರಡೂ ದೇಶ ಒಂದೇ.

ಟಾರ್ಚು ಹಿಡಿದು ಬಂದ ಸಿಪಾಯಿ ಎದುರುಮನೆ ಅಜ್ಜಿಯ ಚೀಲಕ್ಕೆ ಕೈಹಾಕಿದ. ಪ್ಲಾಸ್ಟಿಕ್ ಡಬ್ಬಿ, ಅದರ ಬಾಯಿಗೆ ಹಳೇ ಪಂಚೆಯ ತುಂಡು, ಅದರ ಮೇಲೆ ಮೂರು ಸುತ್ತು ಸೆಣಬಿನ ದಾರ. ಬಿಚ್ಚಿ ಮೂಗಿನ ಹತ್ತಿರ ಹಿಡಿದವನು ಬೆಚ್ಚಿಬಿದ್ದ. ‘ಮಿಡಿ ಉಪ್ಪಿನಕಾಯಿ ಕಣೋ ಮಗಾ, ಒಂದು ತಗೋ’ ಎಂದರು ಅಜ್ಜಿ. ತಗೊಳ್ಳಲಿಲ್ಲ. ಪಾಪ, ಡ್ಯೂಟಿ.

ಆಮೇಲೆ ನೋಟಿನ ರಗಳೆ. 2018ರಲ್ಲಿ ನೇಪಾಳ ನಮ್ಮ 100ಕ್ಕಿಂತ ದೊಡ್ಡ ನೋಟುಗಳನ್ನು ನಿಷೇಧಿಸಿತ್ತು; ನಮ್ಮವರ ಸೊಂಟದ ಚೀಲದಲ್ಲಿ ಇದ್ದದ್ದೆಲ್ಲ ಐನೂರರದ್ದೇ. ಸಾಲದ್ದಕ್ಕೆ ಅಲ್ಲಿನ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ನಿದ್ದೆಗೆಟ್ಟವರ ಹತ್ತಿರವೂ ಕಾಲು ಗಂಟೆ ವಸೂಲಿ!

ಮುಂದೆ ಬೆಳಗಾಗಿ, ತ್ರಿಶೂಲಿ ನದಿಯ ಪಕ್ಕದ ಘಾಟಿ ಬಂದಾಗ ಇಡೀ ಬಸ್ಸು ಗೊರಕೆ ಹೊಡೆಯುತ್ತಿತ್ತು. ನೋಡಲೆಂದೇ ಹೋದದ್ದನ್ನು ನೋಡಿದವನು ಡ್ರೈವರ್ ಒಬ್ಬನೇ.

ನಮ್ಮೂರ ಬಿಡಾರದ ಆನೆಯನ್ನು ಲಾರಿ ಹತ್ತಿಸಿ ಪರಊರಿಗೆ ಕಳಿಸಿದರೆ ಜೊತೆಗೆ ಮಾವುತ, ಕಾವಾಡಿ ಹೋಗುತ್ತಾರೆ. ಊರಲ್ಲಿದ್ದರೆ ಬೆಳಿಗ್ಗೆ ತುಂಗೆಯ ಹಿನ್ನೀರಿನಲ್ಲಿ ಮಲಗಿಸಿ ಬೆನ್ನುಜ್ಜುತ್ತಾರೆ. ಕಠ್ಮಂಡುವಿನಲ್ಲಿ ಇಳಿದ ನಮ್ಮ ಬೆನ್ನನ್ನು ಕೇಳುವವರಿರಲಿಲ್ಲ. ಕಾಲು ಊದಿಕೊಂಡು ಚಪ್ಪಲಿಯೇ ಹಿಡಿಸಲಿಲ್ಲ.

ಪಶುಪತಿನಾಥನಿಗೆ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ದಕ್ಷಿಣದವರು, ಕರ್ನಾಟಕದ ಕಡೆಯವರೂ ಇದ್ದಾರೆ ಎಂದು ಅಜ್ಜಿಗೆ ಹೇಳಿದೆ. ‘ಹೌದಾ? ಅವರೂ ರಾತ್ರಿ ಬಸ್ಸಿಗೇ ಬಂದದ್ದಾ?’ ಎಂದು ಕೇಳಿದರು. ಬಂದಿದ್ದರೆ ಆ ಪರಂಪರೆ ಮೊದಲ ತಲೆಮಾರಿಗೇ ನಿಲ್ಲುತ್ತಿತ್ತು.

ನೀವು ಹೋಗುವುದಾದರೆ ಖಂಡಿತ ಹೋಗಿ, ನೋಡಬೇಕಾದ ಜಾಗ. ಆದರೆ ಗಡಿಯ ಈಚೆಗೇ ರೂಮು ಮಾಡಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಬೆಳಿಗ್ಗೆ ತಿಂಡಿ ತಿಂದು ದಾಟಿ. ಉಪ್ಪಿನಕಾಯಿ ಡಬ್ಬಿ ಕೈಗೆ ಸಿಗುವ ಹಾಗಿರಲಿ.