ಕಂಬ ಎಲ್ಲಿಗೆ ಹೋಯಿತು?

ಜಪಾನಿನ ಇಸೆಯ ಗುಡಿಯನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ ಅನ್ನೋದು ನಿಮಗೂ ಗೊತ್ತಿರುವುದೇ. 690ರಿಂದ ನಡೆದುಬಂದದ್ದು, ಹೋದ ಸಲ 2013ರಲ್ಲಿ ಆಯಿತು, ಇನ್ನು 2033ಕ್ಕೆ. ನನಗೆ ಹತ್ತಿದ್ದು ಬೇರೆಯದೇ ಚಿಂತೆ: ಬಿಚ್ಚಿದ ಹಳೇ ಮರ ಏನಾಗುತ್ತೆ?

ಯಾಕೆ ಅಂದರೆ, ಊರಲ್ಲಿ ನಮ್ಮ ತೊಟ್ಟಿ ಮನೆ ಬಿಚ್ಚಿದಾಗ ಕಂಬಗಳೆಲ್ಲ ಲಾರಿ ಹತ್ತಿದವು. ಅದರಲ್ಲೊಂದು ಅಜ್ಜ ದಿನಾ ಒರಗಿ ಕೂತು, ಬೆನ್ನಿನ ಎಣ್ಣೆ ಹೀರಿ ಕಪ್ಪಗೆ ಹೊಳೆಯುತ್ತಿದ್ದ ಕಂಬ. ಯಾರ ಮನೆ ಸೇರಿತೋ! ಈಗಲೂ ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಇಸೆಯಲ್ಲಿ ಹಾಗಲ್ಲ ನೋಡಿ. ಅಲ್ಲಿ ಒಳಗುಡಿ, ಹೊರಗುಡಿ ಅಂತ ಎರಡಿವೆ. ಒಳಗುಡಿಗೆ ಹೋಗಲು ಇಸುಜು ನದಿಗೆ ಉಜಿ ಸೇತುವೆ ಇದೆಯಲ್ಲ, ಅದರ ಎರಡು ತುದಿಗೂ ಒಂದೊಂದು ತೋರಿ ಬಾಗಿಲು. ಬಣ್ಣ ಇಲ್ಲ, ಕೆತ್ತನೆ ಇಲ್ಲ, ಬರೀ ಹಿನೋಕಿ ಮರ. ಹಿಂದಿನ ಗುಡಿಯ ಮಾಡಿನ ನೆತ್ತಿಯ ತೊಲೆ ಹೊತ್ತು ನಿಂತಿದ್ದ ಕಂಬಗಳೇ ಇವು! ಈಚೆಯವು ಹೊರಗುಡಿಯವು, ಆಚೆಯವು ಒಳಗುಡಿಯವು. ಬರುವವರು, ಹೋಗುವವರು ಅಲ್ಲೊಮ್ಮೆ ನಿಂತು ತಲೆಬಾಗುತ್ತಾರೆ.

ಒಳಗೆ ಬಲಗಡೆಯಿಂದಲೇ ನಡೆಯಬೇಕು. ಹೊರಗುಡಿಯಲ್ಲಾದರೆ ಎಡಗಡೆ. ಚಪ್ಪಲಿ ಬಿಡುವ ಪದ್ಧತಿಯೇ ಇಲ್ಲ ಮಾರಾಯ್ರೇ! ದೇವರ ಅಂಗಳ ಅಂದಕೂಡಲೇ ನನ್ನ ಕಾಲು ತಾನಾಗಿ ಚಪ್ಪಲಿ ಕಳಚಲು ಹೊರಟಿತ್ತು. ಹಾಕಿಕೊಂಡೇ ಕರಕರ ಅನ್ನುವ ಜಲ್ಲಿಯ ಮೇಲೆ ನಡೆದು, ನದಿಗಿಳಿದು ಕೈ ತೊಳೆದೆ. ನೀರು ಎಷ್ಟು ತಿಳಿ ಅಂದರೆ, ತಳದ ಉರುಟು ಕಲ್ಲು ಒಂದೊಂದಾಗಿ ಎಣಿಸಬಹುದು.

ಗುಡಿಯೆದುರು ನಿಂತರೆ ಕಾಣುವುದು ಒಂದು ಬಿಳೀ ಪರದೆ, ಅಷ್ಟೇ. ಎರಡು ಸಲ ಬಗ್ಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಗ್ಗಬೇಕು. ಗಾಳಿಗೆ ಪರದೆ ಒಂಚೂರು ಎದ್ದಾಗ ಒಳಗಿನ ಅಂಗಳ ಕಂಡು ಮೈ ಜುಮ್ಮೆಂದಿತು. ಆಗಲೇ ಹೊಳೆದದ್ದು: ನಾವ್ಯಾರೂ ಹೋಗಲಾಗದ ಅಂಥ ಜಾಗದಲ್ಲಿ ಇಪ್ಪತ್ತು ವರ್ಷ ನಿಂತ ಕಂಬ ಈಗ ಸೇತುವೆಯ ತುದಿಯಲ್ಲಿ ಎಲ್ಲರ ಕೈಗೆ ಸಿಗುವ ಹಾಗೆ ನಿಂತಿದೆ, ಅಲ್ವಾ? ವಾಪಸು ಬರುವಾಗ ಅಂಗೈ ಒತ್ತಿಟ್ಟು ನೋಡಿದೆ. ಬಿಸಿಲಿಗೆ ಬೆಚ್ಚಗಿತ್ತು.

ಕಂಬದ ಯಾತ್ರೆ ಅಲ್ಲಿಗೂ ಮುಗಿಯಲ್ಲ. ಇನ್ನಿಪ್ಪತ್ತು ವರ್ಷ ಕಳೆದ ಮೇಲೆ ಒಳಗುಡಿಯವು ಸೆಕಿಯ ಕವಲುದಾರಿಗೆ, ಹೊರಗುಡಿಯವು ಕುವಾನಾದ ಹಳೇ ದೋಣಿಗಟ್ಟೆಗೆ. ಹಿಂದೆ ಯಾತ್ರಿಕರು ಇಸೆಯ ದಾರಿ ಹಿಡಿಯುತ್ತಿದ್ದ ಜಾಗಗಳವು. ಸೇತುವೆಯ ತುದಿಗಳಲ್ಲಿ ಈಗಿರುವುದು 1993ರ ಗುಡಿಯ ಕಂಬ, ಕುವಾನಾದ್ದು 1973ರದ್ದು. ನಮ್ಮಣ್ಣ ಹುಟ್ಟಿದ ವರ್ಷ ಅದು. ಮುಂದಿನ ಸಲ ಅವನನ್ನೂ ಕರಕೊಂಡು ಕುವಾನಾಕ್ಕೇ ಮೊದಲು ಹೋಗಬೇಕು ಅಂತಿದ್ದೇನೆ.