ಕೆಂಪು ನೆಲ ಮೀಮಾಂಸೆ

ವಿಷಯ: ಗೃಹಾಲಂಕಾರ ಶಾಸ್ತ್ರದಲ್ಲಿ ಗೋಡೆಯ ಬಣ್ಣದ ಮೇಲೆ ಬೇಕಾದಷ್ಟು ಚರ್ಚೆಯಾಗಿದೆ, ನೆಲದ ಬಣ್ಣವನ್ನು ವಿದ್ವಾಂಸರು ಕಾಲ ಕೆಳಗೇ ಹಾಕಿಕೊಂಡಿದ್ದಾರೆ. ಆದಕಾರಣ ಮಂಗಳೂರಿನಿಂದ ಕಾಸರಗೋಡು ದಾಟಿ ತಿರುವನಂತಪುರದವರೆಗೆ ಹಳೆಯ ಮನೆಗಳ ಜಗಲಿ, ಚಾವಡಿಗಳಲ್ಲಿ ಹಬ್ಬಿರುವ ರೆಡ್ ಆಕ್ಸೈಡ್ ನೆಲವೇ ಇಲ್ಲಿ ವಿಚಾರಣೀಯ.

ಸಂಶಯ: ಕೆಂಪೇ ಏಕೆ? ತಿರುವಾಂಕೂರಿನ ಅರಸರು ಪದ್ಮನಾಭಪುರದ ಅರಮನೆಗೆ ಮುಖ ಕಾಣುವಂಥ ಕಪ್ಪು ನೆಲ ಮಾಡಿಸಿಕೊಂಡರು. ಅದಕ್ಕೆ ಸುಣ್ಣ, ಸುಟ್ಟ ತೆಂಗಿನ ಚಿಪ್ಪಿನ ಜೊತೆ ಮೊಟ್ಟೆಯ ಬಿಳಿಯನ್ನೂ ಬೆರೆಸಿದ್ದರೆಂದು ಪ್ರತೀತಿ. ಪ್ರಜೆಗಳು ಮೊಟ್ಟೆಯನ್ನು ತಿಂದು ನೆಲಕ್ಕೆ ಕೆಂಪು ಹಾಕಿದರು.

ಪೂರ್ವಪಕ್ಷ: ಇಲ್ಲಿ ಮೂರು ಮತಗಳಿವೆ. ಮೃತ್ತಿಕಾವಾದಿಗಳಿಗೆ ಫ್ರಾನ್ಸಿಸ್ ಬುಕಾನನ್ ಪ್ರಮಾಣ. ಮೈಸೂರು, ಕೆನರಾ, ಮಲಬಾರು ಸುತ್ತಿ 1807ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆತ ಅಂಗಡಿಪುರಂನ ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಆ ಕೆಂಪು ಮಣ್ಣು ಮಳೆಗಾಲದಲ್ಲಿ ಹೇಗೂ ಕಾಲಿಗಂಟಿ ಒಳಗೆ ಬರುತ್ತದೆ. ತಡೆಯಲಾರದವರು ಅದರ ಬಣ್ಣವನ್ನೇ ಒಳಗೆ ಕರೆದರು. ಇದು ಶರಣಾಗತಿ ಮಾರ್ಗ. ಧ್ವಜವಾದಿಗಳ ಪ್ರಕಾರ ಎಲ್ಲವೂ ಕೇರಳದಲ್ಲಿ 1957ರಲ್ಲಿ ಬಂದ ಇ.ಎಂ.ಎಸ್. ಅವರ ಕಮ್ಯುನಿಸ್ಟ್ ಸರ್ಕಾರದ ಪ್ರಭಾವ. ನಗ್ನವಾದಿಗಳು ವಾಸ್ತುಶಿಲ್ಪಿ ಲಾರಿ ಬೇಕರರ ಗಾರೆ ಕಾಣದ ಇಟ್ಟಿಗೆಯನ್ನು ತೋರಿಸುತ್ತಾರೆ. ತಿರುವನಂತಪುರದ ತಂಬಾನೂರಿನಲ್ಲಿ ಬೇಕರರೇ ರೂಪಿಸಿದ ಇಂಡಿಯನ್ ಕಾಫಿ ಹೌಸಿನಲ್ಲಿ ಇವರ ಗೋಷ್ಠಿ. ಅಲ್ಲಿ ಸುರುಳಿ ಸುತ್ತುತ್ತ ಮೇಜಿನಿಂದ ಮೇಜಿಗೆ ನೆಲ ಏರುತ್ತದೆ, ವಾದವೂ ಏರುತ್ತದೆ.

ಸಿದ್ಧಾಂತ: ಮೊದಲ ಮತಕ್ಕೆ ಕೊಚ್ಚಿಯ ವಲ್ಲಾರ್ಪಾಡಂ ದ್ವೀಪವೇ ಬಾಧಕ. ಅಲ್ಲೂ ನೆಲ ಕೆಂಪೇ, ಕಾಲಿಗಂಟುವುದು ಮಾತ್ರ ಹಿನ್ನೀರಿನ ಬೂದು ಕೆಸರು. ಗೋಶ್ರೀ ಸೇತುವೆಗಳು ಬರುವ ತನಕ ಆಚೆಯ ಮಣ್ಣು ಬರಬೇಕಾದರೂ ದೋಣಿ ಹತ್ತಬೇಕಿತ್ತು. ಎರಡನೆಯದಕ್ಕೆ ಜಮೀನ್ದಾರ ಜನ್ಮಿಗಳ ಜಗಲಿ ಬಾಧಕ: ಆ ಬಾವುಟ ಗದ್ದುಗೆ ಏರುವ ಮೊದಲೇ ಅದು ಕೆಂಪಗಿತ್ತು. ಮೂರನೆಯದು ನಿಲ್ಲದು, ಈ ನೆಲ ಬೆತ್ತಲೆಯಲ್ಲ, ಮೈತುಂಬ ಗಾರೆ ಹೊದ್ದದ್ದು. ನಿರ್ಣಯವಿಷ್ಟೆ: ಕಬ್ಬಿಣದ ಆಕ್ಸೈಡ್ ಸುಣ್ಣ, ಸಿಮೆಂಟಿನ ಕ್ಷಾರಕ್ಕೂ ಬಿಸಿಲಿಗೂ ಜಗ್ಗುವುದಿಲ್ಲ, ಮೇಲಾಗಿ ಅಗ್ಗ. ಗಿಡಮೂಲದ ಬಣ್ಣಗಳು ಅಲ್ಲಿ ಬಾಳವು. ಬಾಳುವಂಥದ್ದು ಕೈಗೆಟುಕುವ ಬೆಲೆಗೆ ಸಿಕ್ಕಿತು, ಉಳಿಯಿತು. ನಾವು ಸಂಸ್ಕೃತಿ ಎಂದು ಪೂಜಿಸುವುದು ಬಹುಪಾಲು ಹೀಗೆ ಉಳಿದುಕೊಂಡದ್ದನ್ನೇ ಎಂಬುದು ಆನುಷಂಗಿಕ ಪ್ರಮೇಯ.

ಫಲ: ಅಜ್ಜನ ನೆಲವನ್ನು ಅಪ್ಪ ಒಡೆಸಿ ಬಿಳಿ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ, ಒಂದು ಕೂದಲು ಬಿದ್ದರೂ ಮನೆಮಂದಿಗೆಲ್ಲ ವಿಚಾರಣೆ. ಮೊಮ್ಮಗ ಆರ್ಕಿಟೆಕ್ಟರಿಗೆ ಫೀಸು ತೆತ್ತು ಅಜ್ಜನ ನೆಲವನ್ನೇ ಕೇಳುತ್ತಿದ್ದಾನೆ. ಅವನಿಗೆ ವಿಧಿ ಹೀಗಿದೆ: ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು, ಹಿಂದೆ ಹಿಂದೆ ಸರಿಯುತ್ತ, ಕರಣೆಯಿಂದ ತೀಡಬೇಕು. ನಡುವೆ ಊಟಕ್ಕೆದ್ದರೆ ಎದ್ದ ಜಾಗ ಜನ್ಮವಿಡೀ ಕಾಣುತ್ತದೆ. ಆಮೇಲೆ ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸಬೇಕು. ಒಣಗಿದ ಬಳಿಕ ತೆಂಗಿನೆಣ್ಣೆ ಹಚ್ಚಿ ಉಜ್ಜಬೇಕು. ಇಷ್ಟಾದ ಮೇಲೂ ಗೆರೆ ಬಿಟ್ಟರೆ ಅದನ್ನು ಬಿರುಕು ಎನ್ನಕೂಡದು, ಪಾಠಾಂತರ ಎನ್ನಬೇಕು.