ವೈದ್ಯಲೇಖನ ಪ್ರಮಾಣ ಮೀಮಾಂಸೆ

ವಿಕಿಪೀಡಿಯವೆಂಬ ವಿಶ್ವಕೋಶವು 2001ರಲ್ಲಿ ಅಂತರ್ಜಾಲದೊಳಗೆ ಅವತರಿಸಿದ ಬಳಿಕ, ವೇತನವಿಲ್ಲದೆ, ಬಿರುದಿಲ್ಲದೆ, ಬಹುಮಟ್ಟಿಗೆ ಸ್ವಂತ ಹೆಸರೂ ಇಲ್ಲದೆ, ಮಧುಮೇಹದಿಂದ ಮಲಬದ್ಧತೆಯವರೆಗಿನ ಸಕಲ ವ್ಯಾಧಿಗಳನ್ನು ಕುರಿತು ಲೇಖನ ರಚಿಸುವ ಒಂದು ಸ್ವಯಂಸೇವಕ ಸಂಪ್ರದಾಯವು ಬೆಳೆದುಬಂದಿರುವುದನ್ನು ವಿದ್ವಾಂಸರು ಬಲ್ಲರು. ಈ ಸಂಪ್ರದಾಯಕ್ಕೆ ಮುಖ್ಯವಾದ ವಿಧಿಗಳು ಎರಡು. ಆಧಾರಗ್ರಂಥದಲ್ಲಿ ಇಲ್ಲದ ಯಾವುದನ್ನೂ ಹೇಳತಕ್ಕುದಲ್ಲವೆಂಬುದು ಮೊದಲನೆಯದು. ಆಧಾರಗ್ರಂಥದಲ್ಲಿ ಇರುವ ಹಾಗೆಯೇ ಯಾವುದನ್ನೂ ಹೇಳತಕ್ಕುದಲ್ಲವೆಂಬುದು ಎರಡನೆಯದು. ಆದಕಾರಣ ಸ್ವಂತ ವಿಚಾರ ಒಂದೂ ಇಲ್ಲದ, ಆದರೆ ಮಾತೆಲ್ಲವೂ ಸ್ವಂತದ್ದೇ ಆದ ಮನುಷ್ಯನು ಮಾತ್ರ ಈ ಶಾಸ್ತ್ರಕ್ಕೆ ಅಧಿಕಾರಿ. ಅಂಥವರು ಸಭೆಗಳ ಅಧ್ಯಕ್ಷಪೀಠದಲ್ಲಿ ಹೇರಳವಾಗಿ ದೊರೆಯುವರಾದರೂ, ಬರೆಯಲು ಕುಳಿತವರಲ್ಲಿ ದುರ್ಲಭರು.

ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಜ್ಯೇಷ್ಠವೆಂದು ನಮ್ಮ ದಾರ್ಶನಿಕರು ಬಹುಕಾಲದಿಂದ ಹೇಳುತ್ತ ಬಂದರು. ಇಲ್ಲಿಯಾದರೋ ಕ್ರಮ ತಲೆಕೆಳಗು. ಮೂರು ದಶಕಗಳ ಕಾಲ ರೋಗಿಗಳ ನಾಡಿ ಹಿಡಿದ ವೈದ್ಯನು ತಾನು ಕಣ್ಣಾರೆ ಕಂಡುದನ್ನು ಬರೆದರೆ, ಅದು 'ಸ್ವಂತ ಸಂಶೋಧನೆ'ಯೆಂಬ ಮಹಾಪಾತಕವೆನಿಸಿ ಮರುಗಳಿಗೆಯೇ ಅಳಿಸಲ್ಪಡುವುದು. ಜನ್ಮದಲ್ಲಿ ಒಬ್ಬ ರೋಗಿಯನ್ನೂ ಮುಟ್ಟದ ಕಾಲೇಜು ಹುಡುಗನು, ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡಿದ ಕಾಕ್ರೇನ್ ಸಮೀಕ್ಷೆಯೊಂದನ್ನು ಉಲ್ಲೇಖಿಸಿ ಅದನ್ನೇ ಬರೆದರೆ, ನಿಲ್ಲುವುದು. ಇಲಿಗೆ ಗುಣವಾಯಿತೆಂಬುದು, ಒಬ್ಬ ರೋಗಿಗೆ ಗುಣವಾಯಿತೆಂಬುದು, ಗುಣವಾಯಿತೆಂದು ಭಾನುವಾರದ ಪುರವಣಿ ಹೇಳಿತೆಂಬುದು, ಇವೆಲ್ಲವೂ ಪ್ರಮಾಣಾಭಾಸಗಳು. ರೋಗಿಯು ಮಧ್ಯರಾತ್ರಿ ವೈದ್ಯನಿಗಿಂತ ಮೊದಲು ಮೊಬೈಲನ್ನು ಕೇಳುವ ಈ ಕಾಲದಲ್ಲಿ ಇಷ್ಟು ಕಟ್ಟುನಿಟ್ಟು ನ್ಯಾಯವೆಂದೇ ಪ್ರಕೃತ ಲೇಖಕನ ಮತ.

ನಿಜವಾದ ಸಂಕಟವಿರುವುದು ಕಾಲಗಣನೆಯಲ್ಲಿ. ಆಧಾರವು ಸುಮಾರು ಐದು ವರ್ಷಗಳಿಗಿಂತ ಹಳೆಯದಾಗದಿರುವುದು ಲೇಸೆಂದು ಮೊದಲ ವಿಧಿಯ ಭಾಷ್ಯ. ಕರ್ತೃವು ಮಡಿದು 60 ವರ್ಷ ಕಳೆಯುವ ತನಕ ಆತನ ವಾಕ್ಯಗಳು ಸರ್ವರ ಸೊತ್ತಾಗವೆಂಬುದು ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮದ ಸಾಮಾನ್ಯ ನಿಯಮ. ಎರಡನ್ನೂ ಸಮನ್ವಯಗೊಳಿಸಿ ನೋಡಲಾಗಿ, ಯಾವ ಶಂಕೆಯೂ ಇಲ್ಲದೆ ನಕಲಿಸಬಹುದಾದ ಗ್ರಂಥವನ್ನು ರಚಿಸಬಲ್ಲವನು, ತಾನು ಸತ್ತು 55 ವರ್ಷಗಳಾದ ಮೇಲೆ ಲೇಖನಿ ಕೈಗೆತ್ತಿಕೊಂಡ ವೈದ್ಯನೊಬ್ಬನೇ ಎಂದು ಸಿದ್ಧವಾಗುತ್ತದೆ. ಅಂಗರಚನಾಶಾಸ್ತ್ರ ಮಾತ್ರ ಇದಕ್ಕೆ ಅಪವಾದ: ಗ್ರೇ ಮಹಾಶಯನ ಗ್ರಂಥದ 1918ರ ಅಮೆರಿಕನ್ ಆವೃತ್ತಿಯ ವಾಕ್ಯಗಳು ಇಂಗ್ಲಿಷ್ ವಿಕಿಪೀಡಿಯದ ಅನೇಕ ಪುಟಗಳಲ್ಲಿ ನೆಮ್ಮದಿಯಾಗಿವೆ, ಮನುಷ್ಯನ ತೊಡೆಯ ಮೂಳೆ ಅಂದಿನಿಂದ ಸ್ಥಳ ಬದಲಿಸಿಲ್ಲವಾಗಿ.

ಇನ್ನು ಸಂಸ್ಥೆಗಳ ವಿಚಾರ. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕರ್ತವ್ಯದ ಅಂಗವಾಗಿ ಬರೆದುದಕ್ಕೆ ಆ ದೇಶದಲ್ಲಿ ಕೃತಿಸ್ವಾಮ್ಯವಿಲ್ಲ; ವಿಶ್ವದ ಆರೋಗ್ಯಕ್ಕಾಗಿಯೇ ಹುಟ್ಟಿದ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಟಣೆಗಳೋ, ವಾಣಿಜ್ಯಕ್ಕೆ ಬಳಸಬಾರದೆಂಬ ನಿಬಂಧನೆಯನ್ನು ಸಾಮಾನ್ಯವಾಗಿ ಹೊತ್ತು ಬರುವುದರಿಂದ, ವಾಣಿಜ್ಯಕ್ಕೂ ಬಾಗಿಲು ತೆರೆದಿಟ್ಟ ವಿಶ್ವಕೋಶದೊಳಕ್ಕೆ ಹಾಗೆಯೇ ಇಳಿಸಲು ಬಾರವು.

ಕನ್ನಡಿಸಿದೊಡನೆ ನಕಲಿನ ದೋಷ ಕಳೆಯುವುದೆಂದು ನಂಬುವ ಪಂಥವೊಂದು ನಮ್ಮಲ್ಲುಂಟು. ಅನುವಾದದ ಹಕ್ಕೂ ಕರ್ತೃವಿಗೇ ಸೇರಿದುದರಿಂದ ಈ ಮತ ಅಗ್ರಾಹ್ಯ. 'ಜ್ವರ'ವಿದ್ದಲ್ಲಿ 'ತಾಪ'ವನ್ನಿಟ್ಟು ವಾಕ್ಯದ ಅಸ್ಥಿಪಂಜರವನ್ನು ಹಾಗೆಯೇ ಉಳಿಸಿಕೊಳ್ಳುವುದೂ ಚೌರ್ಯವೇ. ಸಂಗತಿಗೆ ಸ್ವಾಮ್ಯವಿಲ್ಲ, ಹೇಳುವ ಬಗೆಗೆ ಮಾತ್ರ ಉಂಟು ಎಂಬ ಸಮಾಧಾನವನ್ನು ನಂಬದ ಅತಿಭೀರುಗಳು, 500 ಮಿಲಿಗ್ರಾಂ ಎಂದಿದ್ದುದನ್ನು ಅರ್ಧ ಗ್ರಾಂ ಎಂದು ತಿದ್ದಿ ನಿಟ್ಟುಸಿರುಬಿಡುವರು.

ಇಷ್ಟೆಲ್ಲ ತಪಸ್ಸಿನಿಂದ ಹುಟ್ಟಿದ ಲೇಖನವನ್ನು, ಮೂಲವನ್ನು ಸ್ಮರಿಸಿ, ವಿಶ್ವಕೋಶದ ಮುಕ್ತ ಪರವಾನಗಿಯಡಿಯೇ, ಯಾರು ಬೇಕಾದರೂ ಅಚ್ಚುಹಾಕಿಸಿ ಮಾರಬಹುದು. ಮಾರುವರು ಕೂಡ. ಆಗ ಅದಕ್ಕೆ ರಟ್ಟು, ಬೆಲೆ, ಪ್ರಕಾಶನದ ವರ್ಷ ಎಲ್ಲವೂ ಲಭಿಸುವುದರಿಂದ, ಇನ್ನೊಬ್ಬ ಉತ್ಸಾಹಿಯು ಅದೇ ಪುಸ್ತಕವನ್ನು ಅದೇ ಲೇಖನದ ಅಡಿಯಲ್ಲಿ ಆಧಾರವೆಂದು ನಮೂದಿಸುವನು. ನೈಯಾಯಿಕರು ಇದನ್ನು ಅನ್ಯೋನ್ಯಾಶ್ರಯ ದೋಷವೆನ್ನುವರು, ಉತ್ಸಾಹಿಯು ಅಡಿಟಿಪ್ಪಣಿ ಎನ್ನುವನು.